545 ಹೋಲ್ಡರ್ ಕೊಳ್ಳುವ ಮೊದಲು

4×5 ಇಂಚಿನ ಹಾಳೆ ಫಿಲ್ಮ್ ಬಳಸುವ ನಿಮ್ಮ 4×5 ಕ್ಯಾಮೆರಾಕ್ಕೆ ಅಗ್ಗವಾಗಿ ಸಿಗುತ್ತಿರುವ ಪೋಲರಾಯ್ಡ್ 545 ಹೋಲ್ಡರ್ (ತಕ್ಷಣ ಚಿತ್ರ ಮೂಡುವ ಇನ್‌ಸ್ಟಂಟ್ ಫಿಲ್ಮನ್ನು ಕ್ಯಾಮೆರಾದ ಹಿಂಬದಿಗೆ ಕೂರಿಸುವ ಸಾಧನ) ಸಾಕೇ, ಅದೇ ಕೆಲಸದ ಹೊಸ ಸಾಧನವಾದ ಲೋಮೋಗ್ರಾಫ್ಲಾಕ್‌ಗೆ ಹೆಚ್ಚು ಹಣ ಹಾಕಬೇಕೇ ಎಂದು ಕೇಳಿದ್ದೀರಿ. 545 ಬೇಡ. ಹೋಲ್ಡರ್ ಗಟ್ಟಿಮುಟ್ಟಾಗಿಯೇ ಇರುತ್ತದೆ, ಆದರೆ ಅದಕ್ಕೆ ಹಾಕುವ ಫಿಲ್ಮನ್ನು ಪೋಲರಾಯ್ಡ್ 2008ರಲ್ಲೇ ನಿಲ್ಲಿಸಿತು. ಪ್ಯಾಕ್ ಫಿಲ್ಮಿನ (ಹಲವು ಹಾಳೆ ಒಂದೇ ಪೊಟ್ಟಣದಲ್ಲಿ ಬರುವ ಇನ್‌ಸ್ಟಂಟ್ ಫಿಲ್ಮ್) 405 ಹೋಲ್ಡರ್ ಕೂಡ ಅದೇ ಹಾದಿ ಹಿಡಿದಿದೆ. ಅದಕ್ಕೆ ಹೊಂದುತ್ತಿದ್ದ ಫ್ಯೂಜಿಯ ಎಫ್‌ಪಿ-100ಸಿ ಫಿಲ್ಮ್ 2016ರಲ್ಲಿ ನಿಂತುಹೋಯಿತು. ಅವಧಿ ಮೀರಿದ ಪೊಟ್ಟಣವೊಂದನ್ನು ಆಸೆಗೆ ಬಿದ್ದು ತಂದಿದ್ದೆ. ಒಳಗಿನ ರಾಸಾಯನಿಕ ಒಣಗಿ, ಚಿತ್ರದ ಎರಡು ಮೂಲೆ ಬೋಳಾಗಿ ಬಂದವು.

ಲೋಮೋಗ್ರಾಫ್ಲಾಕ್‌ಗೆ ಬೇಕಾದ ಇನ್‌ಸ್ಟ್ಯಾಕ್ಸ್ ವೈಡ್ (ಫ್ಯೂಜಿಯ ಇನ್‌ಸ್ಟಂಟ್ ಫಿಲ್ಮ್) ಅಂಗಡಿಯಲ್ಲಿ ಹೊಸದಾಗಿಯೇ ಸಿಗುತ್ತದೆ. ಚಿತ್ರ ಮಾತ್ರ 62×99 ಮಿ.ಮೀ., 4×5ರಷ್ಟು ದೊಡ್ಡದಲ್ಲ. ದುಡ್ಡು ಕೊಡುವ ಮೊದಲು ಕ್ಯಾಮೆರಾದ ಹಿಂಬದಿ ನೋಡಿ: ಗ್ರೌಂಡ್ ಗ್ಲಾಸಿನ (ಫೋಕಸ್ ನೋಡುವ ಮಬ್ಬು ಗಾಜು) ಚೌಕಟ್ಟು ಪೂರ್ತಿ ಕಳಚಿ ಬರಬೇಕು, ಬಿಗಿಹಿಡಿಯಲು ಜಾರುಪಟ್ಟಿಗಳಿರಬೇಕು. ಮಾಮೂಲಿ ಹೋಲ್ಡರಿನಂತೆ ಗ್ರೌಂಡ್ ಗ್ಲಾಸಿನ ಸ್ಪ್ರಿಂಗಿನ ಅಡಿ ತೂರಿಸಲು ಲೋಮೋಗ್ರಾಫ್ಲಾಕ್ ತೀರಾ ದಪ್ಪ. ಫಿಲ್ಮ್ ಮಾಮೂಲಿಗಿಂತ ಹಿಂದೆ ಕೂರುವುದರಿಂದ, ಜೊತೆಗೆ ಬರುವ ಸ್ಪೇಸರ್ (ಆ ಅಂತರ ತುಂಬುವ ಚೌಕಟ್ಟು) ಸಿಕ್ಕಿಸಿಯೇ ಗ್ರೌಂಡ್ ಗ್ಲಾಸಿನಲ್ಲಿ ಫೋಕಸ್ ಮಾಡಿ. ಇದನ್ನು ಮರೆತೇ ಹೆಚ್ಚಿನವರು ಫಿಲ್ಮ್ ಹಾಳು ಮಾಡುತ್ತಾರೆ.

ಇನ್ನೊಂದು ಮಾತು: ಇನ್‌ಸ್ಟ್ಯಾಕ್ಸ್ ಫಿಲ್ಮಿನ ಐಎಸ್ಒ (ಬೆಳಕಿಗೆ ಸ್ಪಂದಿಸುವ ಪ್ರಮಾಣ) 800. ಸುಡುಬಿಸಿಲಿನಲ್ಲಿ ಲೆನ್ಸಿನ ಕಿಂಡಿಯನ್ನು ಎಫ್/22ರಷ್ಟು ಕಿರಿದಾಗಿ ಇಟ್ಟರೂ ಶಟರ್ 1/400 ಸೆಕೆಂಡಿನ ಆಸುಪಾಸು ಬೇಕು. ಹಳೆಯ ಶಟರ್‌ಗಳು ಅಷ್ಟು ಚುರುಕಾಗಿರುವುದಿಲ್ಲ. ಬೆಳಕು ತಗ್ಗಿಸುವ ಒಂದು ಎನ್‌ಡಿ ಫಿಲ್ಟರ್ ಚೀಲದಲ್ಲಿರಲಿ.