ಹಳೆ ಸ್ವಿಫ್ಟ್‌ಗೆ ಹೊಸ ಲುಕ್: 30 ಸಾವಿರದಲ್ಲಿ ಏನೇನು ಮಾಡಿಸಬಹುದು?

ಪ್ರಶ್ನೆ: ನನ್ನದು 2010ರ ಪೆಟ್ರೋಲ್ ಸ್ವಿಫ್ಟ್, ಕೆಂಪು ಬಣ್ಣ. ಟೈರ್ 165/80 ಆರ್14. ಹದಿನೈದು ವರ್ಷ ತುಂಬಿದ್ದಕ್ಕೆ ಆರ್‌ಸಿ ರಿನ್ಯೂ ಮಾಡಿಸಿದ್ದೇನೆ, ಇನ್ನೂ ಐದು ವರ್ಷ ಓಡಿಸುವ ಆಸೆ. ಎಂಜಿನ್ ಚೆನ್ನಾಗಿದೆ, ನೋಡಲು ಮಾತ್ರ ತುಂಬಾ ಹಳತಾಗಿದೆ. ಎಲ್‌ಇಡಿ ಹೆಡ್‌ಲೈಟ್, 16 ಇಂಚಿನ ಅಲಾಯ್ ವೀಲ್, ಕಪ್ಪು ರೂಫ್ ಹಾಕಿಸೋಣ ಅನ್ನುತ್ತಾನೆ ಮಗ. ಬಜೆಟ್ 30 ಸಾವಿರ. ಯಾವುದು ಮಾಡಿಸಲಿ?
– ಓದುಗರು, ಗೋಣಿಕೊಪ್ಪ

ಉತ್ತರ: ಮಗ ಹೇಳಿದ ಮೂರರಲ್ಲಿ ಒಂದನ್ನೂ ಈಗಲೇ ಮಾಡಿಸಬೇಡಿ. ಈ ಸ್ವಿಫ್ಟ್ ನಮ್ಮಲ್ಲಿಗೆ ಬಂದಿದ್ದು 2005ರಲ್ಲಿ. ಆ ಆಕಾರ ಇವತ್ತಿಗೂ ಚೆಂದ. ಕಾರನ್ನು ಹಳತು ಮಾಡಿರುವುದು ಹಳದಿಯಾದ ಹೆಡ್‌ಲೈಟ್, ಬಿಳಚಿದ ಕಪ್ಪು ಪ್ಲಾಸ್ಟಿಕ್, ತುಕ್ಕು ಹಿಡಿದ ವೀಲ್, ಕಿಟಕಿ ಬೀಡಿಂಗ್‌ನಲ್ಲಿ ಕೂತ ಪಾಚಿ. ಕೊಡಗಿನ ಮಳೆಗಾಲ ಕಂಡ ಕಾರಲ್ವಾ, ಇವೆಲ್ಲ ಇದ್ದೇ ಇರುತ್ತವೆ. ಮೊದಲ ದುಡ್ಡು ಇವಕ್ಕೇ ಹೋಗಲಿ.

ಹೆಡ್‌ಲೈಟ್‌ನಿಂದ ಶುರು ಮಾಡಿ. ಅದು ಗಾಜಲ್ಲ, ಪಾಲಿಕಾರ್ಬೊನೇಟ್ ಅನ್ನುವ ಪ್ಲಾಸ್ಟಿಕ್. ಮೇಲಿನ ರಕ್ಷಣೆಯ ಪದರ ಬಿಸಿಲಿಗೆ ಸವೆದಾಗ ಹಳದಿ ತಿರುಗುತ್ತದೆ. ಸುತ್ತಲ ಪೇಂಟ್‌ಗೆ ಟೇಪ್ ಅಂಟಿಸಿ. ನೀರು ಬಿಡುತ್ತಾ 800 ನಂಬರಿನ ವಾಟರ್ ಪೇಪರ್‌ನಲ್ಲಿ (ಒದ್ದೆ ಮಾಡಿ ಉಜ್ಜುವ ಮರಳು ಕಾಗದ) ಉಜ್ಜಿ. ಮೊದಲು ಹಳದಿ ನೀರು ಇಳಿಯುತ್ತದೆ. ಅದು ಹಾಲಿನಂತೆ ಬೆಳ್ಳಗಾದರೆ ಹಳೆ ಪದರ ಹೋಯಿತು ಅಂತ ಅರ್ಥ. ಆಮೇಲೆ 1500, ಕೊನೆಗೆ 3000, ಅದರ ಮೇಲೆ ಪಾಲಿಶ್. ಇಲ್ಲಿಗೇ ಬಿಟ್ಟರೆ ಕೆಲವೇ ತಿಂಗಳಲ್ಲಿ ಮತ್ತೆ ಹಳದಿ. ಹಾಗಾಗಿ ಬಿಸಿಲಿನ ಯುವಿ ಕಿರಣ ತಡೆಯುವ ಕ್ಲಿಯರ್ ಕೋಟ್, ಅಂದರೆ ಪಾರದರ್ಶಕ ಪದರ, ಹೊಡೆಸಲೇಬೇಕು. ಬೇಗ ಮುಗಿಸುವ ಅಂಗಡಿಯವರು ಬಿಡುವುದು ಇದನ್ನೇ, ಕೇಳಿ ಮಾಡಿಸಿ. ಮಬ್ಬು ಒಳಗಡೆ ಇದ್ದರೆ ಮಾತ್ರ ಹೊರಗೆ ಎಷ್ಟು ಉಜ್ಜಿದರೂ ಪ್ರಯೋಜನವಿಲ್ಲ, ಲ್ಯಾಂಪ್ ಬದಲಿಸಿ.

ಎಲ್‌ಇಡಿ ಬಲ್ಬ್ ಏಕೆ ಬೇಡ? ನಿಮ್ಮ ಲ್ಯಾಂಪಿನ ರಿಫ್ಲೆಕ್ಟರ್ ಹ್ಯಾಲೊಜೆನ್ ತಂತಿ ಇರುವ ಜಾಗಕ್ಕೆ ತಕ್ಕಂತೆ ಮಾಡಿದ್ದು. ಅದರಲ್ಲಿ ಎಲ್‌ಇಡಿ ತುರುಕಿದರೆ ಬೆಳಕು ಚದುರಿ ಎದುರಿನವನ ಕಣ್ಣಿಗೆ ಹೊಡೆಯುತ್ತದೆ. ಮಾಕುಟ್ಟ ಘಾಟಿಯ ಮಂಜಿನಲ್ಲಿ ಅದೇ ಬೆಳಕು ವಾಪಸ್ ನಿಮ್ಮ ಕಣ್ಣಿಗೇ ಬರುತ್ತದೆ. 60/55 ವ್ಯಾಟ್‌ನ ಒಳ್ಳೆ ಹ್ಯಾಲೊಜೆನ್ ಹಾಕಿ, ರಿಲೇ (ಬ್ಯಾಟರಿಯಿಂದ ಲ್ಯಾಂಪಿಗೆ ನೇರ ಕರೆಂಟ್ ಬಿಡುವ ಸ್ವಿಚ್) ಇರುವ ವೈರಿಂಗ್ ಮಾಡಿಸಿ. ಹಳೆ ವೈರಿನಲ್ಲಿ ಸೋರುವ ವೋಲ್ಟೇಜ್ ಉಳಿದು ಬೆಳಕು ಚೆನ್ನಾಗಿ ಬೀಳುತ್ತದೆ. ಜಾಸ್ತಿ ವ್ಯಾಟ್‌ನದು ಬೇಡ, ಹೋಲ್ಡರ್ ಕರಗುತ್ತದೆ.

ಇನ್ನು ವೀಲ್. ಈಗ ನಿಮ್ಮ ಟೈರಿನ ಪಕ್ಕದ ಗೋಡೆ 165 ಮಿಲಿಮೀಟರ್ ಅಗಲದ ಶೇಕಡಾ 80, ಅಂದರೆ ಸುಮಾರು 132 ಮಿಲಿಮೀಟರ್ ಎತ್ತರ ಇದೆ. 16 ಇಂಚಿಗೆ 185/55 ಟೈರ್ ಹಾಕಿದರೆ ಅದು 102ಕ್ಕೆ ಇಳಿಯುತ್ತದೆ. ಆಗ ಹೊಂಡದ ಪೆಟ್ಟೆಲ್ಲ ರಿಮ್‌ಗೆ. ಮಳೆಗಾಲ ಮುಗಿದ ಮೇಲೆ ನಮ್ಮ ರಸ್ತೆಗಳ ಗತಿ ನಿಮಗೆ ಗೊತ್ತೇ ಇದೆ. ಅಲಾಯ್ ಬೇಕೇ ಬೇಕು ಅಂದರೆ 15 ಇಂಚು, 185/65 ಟೈರ್. ಒಟ್ಟು ಎತ್ತರ ಈಗಿನದಕ್ಕೆ ಸರಿಸುಮಾರು ಸಮ, ಸ್ಪೀಡೋಮೀಟರ್ ಕೂಡ ಹೆಚ್ಚುಕಮ್ಮಿ ಆಗುವುದಿಲ್ಲ. ಆದರೆ ನಾಲ್ಕು ಅಲಾಯ್, ನಾಲ್ಕು ಟೈರ್ ಅಂದರೆ ನಿಮ್ಮ ಬಜೆಟ್ ಅಲ್ಲೇ ಮುಗಿಯಿತು. ಇರುವ ಸ್ಟೀಲ್ ವೀಲಿನ ತುಕ್ಕು ಕೆರೆಸಿ, ಪ್ರೈಮರ್ ಹಾಕಿಸಿ ಕಡು ಬೂದು ಬಣ್ಣ ಹೊಡೆಸಿ, ವೀಲ್ ಕ್ಯಾಪ್ ಬಿಟ್ಟುಬಿಡಿ. ಕೆಂಪು ಕಾರಿಗೆ ಬಹಳ ಒಪ್ಪುತ್ತದೆ.

ಬಾಡಿಯ ಬಣ್ಣಕ್ಕೆ ಒಂದು ಪರೀಕ್ಷೆ. ಬಾನೆಟ್‌ನ ಮೂಲೆಗೆ ಸ್ವಲ್ಪ ಪಾಲಿಶ್ ಹಾಕಿ ಬಿಳಿ ಬಟ್ಟೆಯಲ್ಲಿ ಉಜ್ಜಿ. ಬಟ್ಟೆ ಕೆಂಪಾದರೆ ಮೇಲೆ ಕ್ಲಿಯರ್ ಕೋಟ್ ಇಲ್ಲ, ಮೆಷಿನ್ ಹಿಡಿಯುವವರು ಹಗುರ ಕೈಯವರೇ ಆಗಬೇಕು. ಪದರ ಸಿಪ್ಪೆಯ ಹಾಗೆ ಏಳುತ್ತಿದ್ದರೆ ಪಾಲಿಶ್‌ಗೆ ದುಡ್ಡು ಹಾಕಬೇಡಿ, ಆ ಪ್ಯಾನೆಲ್ ಒಂದಕ್ಕೆ ಪೇಂಟ್ ಮಾಡಿಸಿ. ಗಾಳಿಯಲ್ಲಿ ತೇವ ಇದ್ದರೆ ಪೇಂಟ್ ಮಂಕಾಗುತ್ತದೆ. ಕಾಫಿ ಕೊಯ್ಲು ಮುಗಿದು, ಕಾಫಿ ಹೂ ಅರಳಿಸುವ ಹೂಮಳೆ ಬರುವ ಮೊದಲಿನ ಒಣ ದಿನಗಳೇ ಸರಿ. ಹೇಗೂ ಕೊಯ್ಲಿನ ಸಮಯದಲ್ಲಿ ಕಾರು ಬಿಡುವಾಗಿರುವುದಿಲ್ಲ.

ಕಪ್ಪು ರೂಫ್ ನನಗೂ ಇಷ್ಟವೇ. ಆದರೆ ಮರದ ಕೆಳಗೆ ನಿಲ್ಲಿಸುವ ಕಾರಿಗೆ ಸ್ಟಿಕ್ಕರ್ ಬೇಡ. ಅಂಚು ಎದ್ದರೆ ಅಡಿಯಲ್ಲಿ ನೀರು ನಿಲ್ಲುತ್ತದೆ. ಪೂರ್ತಿ ಬಣ್ಣ ಬದಲಿಸುವುದಾದರೆ ಮೊದಲು ಮಡಿಕೇರಿ ಆರ್‌ಟಿಒದಲ್ಲಿ ಕೇಳಿ, ಆರ್‌ಸಿಯಲ್ಲೂ ಬಣ್ಣ ತಿದ್ದಿಸಬೇಕು. ಅಂದ ಹಾಗೆ, ಮುಂದೆ ಬುಲ್ ಬಾರ್ (ಬಂಪರ್ ಮುಂದಿನ ಲೋಹದ ಗಾರ್ಡ್) ಹಾಕೋಣ ಅಂತ ಯಾರಾದರೂ ಹೇಳಿದರೆ ಬೇಡ ಅನ್ನಿ. 2017ರಲ್ಲೇ ಕೇಂದ್ರ ಸರ್ಕಾರ ಅದು ಕಾನೂನುಬಾಹಿರ ಅಂತ ಹೇಳಿದೆ.

ಒಳಗೆ ಸೀಟ್ ಕವರ್, ಸ್ಟಿಯರಿಂಗ್ ಕವರ್ ಬದಲಿಸಿದರೆ ಅರ್ಧ ಕೆಲಸ ಆದಂತೆ. ಅದಕ್ಕೂ ಮೊದಲು ಮ್ಯಾಟ್ ಎತ್ತಿ ಕಾರ್ಪೆಟ್ ಒತ್ತಿ ನೋಡಿ. ಒದ್ದೆ ಇದ್ದರೆ ಸೀಟು ಬಿಚ್ಚಿಸಿ, ಕಾರ್ಪೆಟ್ ತೆಗೆದು ಬಿಸಿಲಿಗೆ ಹಾಕಿ. ಬಾಗಿಲಿನ ತಳದ ನೀರು ಹೋಗುವ ತೂತುಗಳನ್ನು ಕಡ್ಡಿಯಿಂದ ಬಿಡಿಸಿ, ಕೆಸರು, ಎಲೆ ಕಟ್ಟಿಕೊಂಡಿರುತ್ತದೆ. ಇಷ್ಟು ಮಾಡದೆ ಹೊಸ ಕವರ್ ಹಾಕಿದರೆ ಮುಂದಿನ ಆಷಾಢಕ್ಕೆ ಅದಕ್ಕೂ ಬೂಷ್ಟು ಬರುತ್ತದೆ. ದುಡ್ಡು ಉಳಿದರೆ ರಿವರ್ಸ್ ಕ್ಯಾಮೆರಾ ಇರುವ ಟಚ್‌ಸ್ಕ್ರೀನ್ ಸ್ಟೀರಿಯೊ ಹಾಕಿಸಿ, ಮಗನಿಗೂ ಸಮಾಧಾನ.