ಸದ್ದು ಎಲ್ಲಿ ಸತ್ತಿತು?

ಪ್ರಶ್ನೆ: ಗಿಟಾರ್‌ಗೆ ನಾನೇ ಒಂದು ಓವರ್‌ಡ್ರೈವ್ ಪೆಡಲ್ (ಸದ್ದನ್ನು ಒರಟಾಗಿಸುವ ಪೆಟ್ಟಿಗೆ) ಕಟ್ಟಿದ್ದೇನೆ, ಒಳಗೆ ಸದ್ದು ಹೆಚ್ಚಿಸುವುದು ಟಿಎಲ್072 ಐಸಿ. ಬೈಪಾಸ್‌ನಲ್ಲಿ, ಅಂದರೆ ಸದ್ದು ಸರ್ಕ್ಯೂಟ್‌ಗೆ ಹೋಗದೆ ನೇರ ಹೊರಬರುವಾಗ, ಚೆನ್ನಾಗಿ ಕೇಳುತ್ತದೆ. ಸ್ವಿಚ್ ಒತ್ತಿದರೆ ಎಲ್‌ಇಡಿ ಹೊತ್ತಿಕೊಳ್ಳುತ್ತದೆ, ಸದ್ದು ಮಾತ್ರ ಇಲ್ಲ. ಮಲ್ಟಿಮೀಟರ್ 9 ವೋಲ್ಟ್ ತೋರಿಸುತ್ತಿದೆ. ಐಸಿ ಬದಲಿಸಿಯೂ ನೋಡಿದೆ. ಇನ್ನೇನು ಮಾಡಲಿ?

ಉತ್ತರ: ಮೊದಲು ಬಿಡಿಭಾಗ ಬದಲಿಸುವುದನ್ನು ನಿಲ್ಲಿಸಿ. ನಾನೂ ಒಮ್ಮೆ ಹೀಗೇ ಎರಡು ಸಂಜೆ ಹಾಳು ಮಾಡಿಕೊಂಡು, ಮೂರು ಐಸಿ ಬದಲಿಸಿದ ಮೇಲೆ ನೋಡಿದರೆ ವಾಲ್ಯೂಮ್ ಪಾಟ್‌ನ (ತಿರುಗಿಸುವ ಗುಂಡಿಯ) ಒಂದು ಕಾಲಿಗೆ ಬೆಸುಗೆಯೇ ಹಿಡಿದಿರಲಿಲ್ಲ! ಮಲ್ಟಿಮೀಟರ್ ಕರೆಂಟ್ ಬಂದಿದೆಯಾ ಅಂತ ಹೇಳುತ್ತದೆ, ಸದ್ದು ಎಲ್ಲಿ ನಿಂತಿತು ಅಂತ ಹೇಳುವುದಿಲ್ಲ. ಅದಕ್ಕೆ ಕಿವಿಯೇ ಬೇಕು.

ಹಳೆಯ ಗಿಟಾರ್ ಕೇಬಲ್ ಒಂದನ್ನು ತೆಗೆದುಕೊಂಡು ಒಂದು ತುದಿಯ ಪ್ಲಗ್ ಕತ್ತರಿಸಿ. ಒಳಗಿನ ತಂತಿಗೆ 0.1 ಮೈಕ್ರೊಫ್ಯಾರಡ್ ಕೆಪಾಸಿಟರ್ ಬೆಸೆಯಿರಿ, ಮೈಮೇಲೆ 104 ಅಂತ ಬರೆದಿರುತ್ತದಲ್ಲ, ಅದೇ. ಅದರ ಇನ್ನೊಂದು ಕಾಲೇ ನಿಮ್ಮ ಪ್ರೋಬ್, ಅಂದರೆ ಸರ್ಕ್ಯೂಟ್‌ಗೆ ಮುಟ್ಟಿಸಿ ಸದ್ದು ಕೇಳುವ ತುದಿ. ಹೊರಗಿನ ಹೆಣೆದ ತಂತಿಗೆ ಒಂದು ಕ್ರೊಕೊಡೈಲ್ ಕ್ಲಿಪ್ ಹಾಕಿ ಪೆಡಲ್‌ನ ಗ್ರೌಂಡ್‌ಗೆ (ಬ್ಯಾಟರಿಯ ಮೈನಸ್ ಸೇರುವ ಜಾಗಕ್ಕೆ) ಕಚ್ಚಿಸಿ, ಉಳಿದ ಪ್ಲಗ್ಗನ್ನು ಆಂಪ್‌ಗೆ ಚುಚ್ಚಿ. ಕೆಪಾಸಿಟರ್ ಬಿಡಬೇಡಿ: ಸರ್ಕ್ಯೂಟ್‌ನ ಡಿಸಿ ವೋಲ್ಟೇಜ್ ಆಂಪ್‌ಗೆ ಹೋಗದಂತೆ ತಡೆದು ಸದ್ದನ್ನಷ್ಟೇ ದಾಟಿಸುವುದು ಅದೇ. ಆಂಪ್‌ನ ವಾಲ್ಯೂಮ್ ತೀರಾ ಕಡಿಮೆ ಇಡಿ. ಹೊಸ ಜಾಗ ಮುಟ್ಟಿದಾಗ ಟಪ್ ಅನ್ನುತ್ತದೆ, ಕೆಪಾಸಿಟರ್ ತುಂಬಿಕೊಳ್ಳುವ ಸದ್ದು ಅದು, ಹೆದರಬೇಡಿ.

ಪೆಡಲ್‌ನ ಇನ್‌ಪುಟ್‌ಗೆ ಫೋನಿನಿಂದ ಒಂದು ಹಾಡನ್ನು ಮೆಲ್ಲಗೆ ಹಾಕಿ, ಆಗ ಎರಡೂ ಕೈ ಖಾಲಿ ಇರುತ್ತವೆ. ಸ್ವಿಚ್ ಆನ್ ಇರಲಿ; ಬೈಪಾಸ್‌ನಲ್ಲಿದ್ದರೆ ಬೋರ್ಡ್‌ಗೆ ಹಾಡು ಹೋಗುವುದೇ ಇಲ್ಲ, ನೀವು ಸುಮ್ನೆ ತಲೆ ಕೆಡಿಸಿಕೊಳ್ಳುತ್ತೀರಿ. ಈಗ ಸರ್ಕ್ಯೂಟ್ ನಕ್ಷೆ ಎದುರಿಗಿಟ್ಟುಕೊಂಡು ಬೋರ್ಡ್‌ನ ಇನ್‌ಪುಟ್‌ನಿಂದ ಹೊರಡಿ. ಇನ್‌ಪುಟ್ ಕೆಪಾಸಿಟರ್‌ನ ಎರಡೂ ಕಡೆ ಮುಟ್ಟಿ. ಆಮೇಲೆ ಐಸಿ. ನಕ್ಷೆಯಲ್ಲಿ ಸಿಗ್ನಲ್ 3ನೇ ಕಾಲಿಗೆ ಹೋಗಿ 1ನೇ ಕಾಲಿನಿಂದ ಹೊರಬರುತ್ತಿದ್ದರೆ, 1ರಲ್ಲಿ ಹಾಡು ಜೋರಾಗಿ ಕೇಳಬೇಕು. 3ರಲ್ಲಿ ಇದ್ದು 1ರಲ್ಲಿ ಇಲ್ಲ ಅಂದರೆ ಮೀಟರ್ ತೆಗೆಯಿರಿ: 8ನೇ ಕಾಲಿನಲ್ಲಿ ಸುಮಾರು 9, 4ನೆಯದರಲ್ಲಿ ಸೊನ್ನೆ, 1ರಲ್ಲಿ ಸುಮಾರು 4.5 ವೋಲ್ಟ್ ಇರಬೇಕು. ಬ್ಯಾಟರಿಯ 9 ವೋಲ್ಟ್ ಐಸಿಯ ಕಾಲಿನವರೆಗೆ ಬಂದಿದೆ ಅಂತ ಎಲ್‌ಇಡಿ ನೋಡಿ ನಂಬಬೇಡಿ, ಅದರ ದಾರಿಯೇ ಬೇರೆ. 3ನೇ ಕಾಲಿನಲ್ಲಿ ಮೀಟರ್ ಸ್ವಲ್ಪ ಕಡಿಮೆ ತೋರಿಸಿದರೆ ಚಿಂತೆ ಬೇಡ, ಅಲ್ಲಿರುವ ದೊಡ್ಡ ರೆಸಿಸ್ಟರ್‌ನಿಂದ ಹಾಗಾಗುತ್ತದೆ.

ಹಾಡು ಕೊನೆಯದಾಗಿ ಕೇಳಿಸಿದ ಜಾಗ ಮತ್ತು ಮೊದಲು ಕೇಳಿಸದ ಜಾಗ, ಇವೆರಡರ ನಡುವೆಯೇ ನಿಮ್ಮ ತಪ್ಪು ಕೂತಿದೆ. ಆಗ ನೋಡಬೇಕಾದದ್ದು ಕೆಲವೇ ಬೆಸುಗೆ. ಸದ್ದಿನ ಅಲೆಯ ತುದಿ ಕತ್ತರಿಸಿ ಒರಟಾಗಿಸುವ ಕ್ಲಿಪ್ಪಿಂಗ್ ಡಯೋಡ್ ದಾಟಿದ ಮೇಲೆ, ಟೋನ್ ಪಾಟ್ ದಾಟಿದ ಮೇಲೆ ಸದ್ದು ಇಳಿಯುವುದು ಸಹಜ. ಆದರೆ 9 ವೋಲ್ಟನ್ನು ಅರ್ಧ ಮಾಡಿ ಐಸಿಗೆ 4.5 ವೋಲ್ಟ್ ಒದಗಿಸುವ ಜಾಗದಲ್ಲಿ (1ನೇ ಕಾಲಿನಲ್ಲಲ್ಲ) ಮೌನ ಇರಲೇಬೇಕು, ಅಲ್ಲಿ ಹಾಡು ಜೋರಾಗಿ ಕೇಳಿದರೆ ಪಕ್ಕದ ಫಿಲ್ಟರ್ ಕೆಪಾಸಿಟರ್ ಮೇಲೆ ನನಗೆ ಅನುಮಾನ.

ಪ್ರಶ್ನೆ: ಪ್ರೋಬ್ ಎಲ್ಲಿಟ್ಟರೂ ಬರೀ ಗುಂಯ್ ಅನ್ನುತ್ತದೆ. ಇದೇ ಪ್ರೋಬ್‌ನಲ್ಲಿ ನನ್ನ ವಾಲ್ವ್ (ಗಾಜಿನ ಟ್ಯೂಬ್) ಆಂಪ್ ಕೂಡ ನೋಡಬಹುದಾ?

ಉತ್ತರ: ಗ್ರೌಂಡ್ ಕ್ಲಿಪ್ ಕಚ್ಚಿಲ್ಲ, ಇಲ್ಲವೇ ನಿಮ್ಮ ಬೆರಳು ಪ್ರೋಬ್‌ನ ಬರಿ ತಂತಿಗೆ ತಾಗುತ್ತಿದೆ. ತುದಿ ಮಾತ್ರ ಬಿಟ್ಟು ಉಳಿದದ್ದಕ್ಕೆ ಟೇಪ್ ಸುತ್ತಿ. ವಾಲ್ವ್ ಆಂಪ್ ಮಾತ್ರ ಬೇಡ. ಅದರೊಳಗೆ ನೂರಾರು ವೋಲ್ಟ್ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ಗಳಲ್ಲಿ ಉಳಿದಿರುತ್ತದೆ. ಈ ಪ್ರೋಬ್ 9 ವೋಲ್ಟ್‌ನ ಪೆಡಲ್‌ಗೆ ಕಟ್ಟಿದ್ದು.