ಹೆಂಚು ತೆಗೆದು ಆರ್‌ಸಿಸಿ: ಪಂಚಾಯಿತಿಯಿಂದ ಅರ್ಜಿ ವಾಪಸ್ ಬಂದರೆ
ಹೆಂಚು ತೆಗೆದು ಆರ್‌ಸಿಸಿ (ಕಬ್ಬಿಣ ಹಾಕಿದ ಕಾಂಕ್ರೀಟ್ ಸ್ಲ್ಯಾಬ್) ಹಾಕಲು ಕೊಟ್ಟ ಅರ್ಜಿಯನ್ನು ಪಂಚಾಯಿತಿ ವಾಪಸ್ ಕಳಿಸಿದೆ, ಮನೆಯ ಇ-ಖಾತೆ (ಪಂಚಾಯಿತಿಯ ಕಂಪ್ಯೂಟರ್ ಆಸ್ತಿ ದಾಖಲೆ) ಇನ್ನೂ ತೀರಿಹೋದ ನಿಮ್ಮ ತಂದೆಯವರ ಹೆಸರಿನಲ್ಲೇ ಇದೆ ಎಂದಾದರೆ, ಬಹುಶಃ ಅದೇ ಕಾರಣ, ಆರ್‌ಸಿಸಿ ಹಾಕುತ್ತೀರಿ ಅಂತಲ್ಲ. ಮೊದಲು ಮರಣ ಪ್ರಮಾಣಪತ್ರ, ನಾಡಕಚೇರಿಯ ವಂಶವೃಕ್ಷ, ಉಳಿದ ವಾರಸುದಾರರ ಒಪ್ಪಿಗೆ ಪತ್ರ ಕೊಟ್ಟು ಖಾತೆ ಬದಲಿಸಿಕೊಳ್ಳಿ. ಬಾಕಿ ಕಂದಾಯವನ್ನೂ ಕಟ್ಟಿಬಿಡಿ. ಆಮೇಲೆ ನಿಮ್ಮ ಹೆಸರಿನ ಇ-ಖಾತೆ ಪ್ರತಿ, ಕಂದಾಯದ ರಸೀದಿ, ಎಂಜಿನಿಯರ್ ಸಹಿಯ ನಕ್ಷೆ ಸೇರಿಸಿ ಪಿಡಿಒಗೆ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಹೊಸ ಅರ್ಜಿ ಕೊಡಿ. ಸ್ವೀಕೃತಿ ಪಡೆಯದೆ ಬರಬೇಡಿ. ಬರೀ ಹೆಂಚು ಬದಲಿಸುವುದಾದರೆ ಸಾಮಾನ್ಯವಾಗಿ ಇಷ್ಟೆಲ್ಲ ಕೇಳುವುದಿಲ್ಲ.

ನಕ್ಷೆಗೂ ಮೊದಲು ಗೋಡೆ ನೋಡಿಸಿ. ಹೆಂಚು, ರೀಪು (ಹೆಂಚು ಕೂರಿಸುವ ಮರದ ಪಟ್ಟಿ) ಸೇರಿ ಚದರ ಮೀಟರಿಗೆ ಸುಮಾರು 65–80 ಕೆ.ಜಿ. ಇದ್ದರೆ, 5 ಇಂಚಿನ ಸ್ಲ್ಯಾಬ್ 300 ದಾಟುತ್ತದೆ. ಮಣ್ಣಿನ ಗೋಡೆಯಾದರೆ ತಡೆಯದು. ಪಾಯದಿಂದಲೇ ಪಿಲ್ಲರ್ ಎಬ್ಬಿಸಬೇಕು, ಅವೂ ನಕ್ಷೆಯಲ್ಲಿ ಇರಬೇಕು.